ವಿಳಾಸದ ಕೊನೆಯ ಪದ

ಬಿಬವೇವಾಡಿಯ ನಮ್ಮ ವಸತಿ ಸಂಕೀರ್ಣದಲ್ಲಿ ವಿಜಯಪುರದ ಕಡೆಯ ಹಿರಿಯರೊಬ್ಬರಿದ್ದಾರೆ. ಕನ್ನಡ, ಮರಾಠಿ ಎರಡನ್ನೂ ನಿರರ್ಗಳವಾಗಿ ಓದಬಲ್ಲ ಅವರು ಇಂಗ್ಲಿಷನ್ನು ಮಾತ್ರ ಅಕ್ಷರ ಕೂಡಿಸಿ ಓದುತ್ತಾರೆ. ಕಳೆದ ಮಳೆಗಾಲದ ಒಂದು ಸಂಜೆ ಮೊಬೈಲ್ ಹಿಡಿದು ಬಂದರು. ಖಾತೆಯ ವಿವರ ನವೀಕರಿಸದಿದ್ದರೆ ಪಿಂಚಣಿ ನಿಲ್ಲುವುದೆಂಬ ಸಂದೇಶ, ಕೆಳಗೊಂದು ಲಿಂಕ್. "ಬ್ಯಾಂಕಿನ ಹೆಸರು ಮೊದಲಿಗೇ ಐತಲ್ರೀ ಸರ, ಮತ್ತೇನು ಸಂಶಯ?" ಎಂದರು. ಹೆಸರು ಮೊದಲಿಗೇ ಇತ್ತು, ನಿಜ. ಆದರೆ ವಿಳಾಸ ಮುಗಿದದ್ದು ಯಾವುದೋ ಅಪರಿಚಿತ ಹೆಸರು ಮತ್ತು '.ಟಾಪ್' ಎಂಬ ಬಾಲದಲ್ಲಿ. ಅಂದು ಹಣ ಉಳಿಯಿತು.

ಲಕೋಟೆಯ ಮೇಲೆ ಮನೆಯ ಸಂಖ್ಯೆಯನ್ನು ಮೊದಲು, 'ಪುಣೆ 411037' ಎಂಬುದನ್ನು ಕೊನೆಗೆ ಬರೆಯುತ್ತೇವೆ. ಅಂಚೆ ವಿಂಗಡಿಸುವವರು ಕೊನೆಯಿಂದ ಓದುತ್ತಾರೆ. ಜಾಲತಾಣದ ವಿಳಾಸವನ್ನೂ, ಮೊದಲ ಒಂಟಿ ಓರೆಗೆರೆಯವರೆಗಿನ ಭಾಗದಲ್ಲಿ, ಬಲದಿಂದ ಎಡಕ್ಕೆ ಓದಬೇಕು. ಕೊನೆಯ ಚುಕ್ಕಿಯ ನಂತರದ್ದು ವಿಸ್ತರಣೆ. ಅದರ ಹಿಂದಿನದು ಸಾಮಾನ್ಯವಾಗಿ ನೋಂದಾಯಿತ ಹೆಸರು. ಅದಕ್ಕಿಂತ ಎಡಕ್ಕೆ ಇರುವುದೆಲ್ಲ ಆ ಹೆಸರಿನ ಒಡೆಯನ ಇಚ್ಛೆ. ಅಲ್ಲಿ ಆತ ಯಾವ ಬ್ಯಾಂಕಿನ ಹೆಸರನ್ನಾದರೂ ಬರೆದುಕೊಳ್ಳಬಹುದು.

ವಿಸ್ತರಣೆಗಳೆಲ್ಲ ಒಂದೇ ತೂಕದವಲ್ಲ. 1985ರಲ್ಲಿ ಬಂದ '.ಕಾಮ್' ಮತ್ತು '.ಆರ್ಗ್', ಭಾರತದ '.ಇನ್' ಇವುಗಳನ್ನು ಹಣ ಕೊಟ್ಟು ಯಾರೂ ಪಡೆಯಬಹುದು. 'ಗವ್.ಇನ್' ಹಾಗಲ್ಲ, ಅದು ಸರ್ಕಾರಕ್ಕೆ ಮೀಸಲು. 'ಬ್ಯಾಂಕ್.ಇನ್' ಬ್ಯಾಂಕುಗಳಿಗೆ ಮಾತ್ರ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ಅದಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ಈ ಪದಗಳೂ ವಿಳಾಸದ ತೀರ ಕೊನೆಯಲ್ಲಿದ್ದರೆ ಮಾತ್ರ ಪ್ರಮಾಣ. ನಡುವೆ ಬಂದರೆ ಬೆಲೆಯಿಲ್ಲ.

ಇಷ್ಟನ್ನು ಹಿರಿಯರಿಗೆ ವಿವರಿಸುವಾಗ ನನಗೆ ನಿಜವಾದ ತೊಡಕು ಕಂಡಿತು. ಓದಲಾಗದ ಲಿಪಿಯಲ್ಲಿ ಬಾಲ ಯಾವುದು, ತಲೆ ಯಾವುದು ಎಂದು ಅವರು ಹೇಗೆ ಗುರುತಿಸಬೇಕು? ಇಂಗ್ಲಿಷ್ ಬಲ್ಲ ನಮಗೂ ಕಷ್ಟವಿದೆ. ನಮ್ಮ ಬಡಾವಣೆಯ ಹೆಸರನ್ನೇ ಇಂಗ್ಲಿಷ್ ಫಲಕಗಳಲ್ಲಿ ಕೆಲವರು 'ವಿ' ಹಾಕಿ, ಕೆಲವರು 'ಡಬ್ಲ್ಯೂ' ಹಾಕಿ ಬರೆಯುತ್ತಾರೆ. ಕಲಾ, ಕಾಲ, ಕಳ ಮೂರೂ ಅಲ್ಲಿ ಒಂದೇ ಆಗುತ್ತವೆ. 'ಸಂಘ'ದ ಕೊನೆಗೆ 'ಎ' ಬೇಕೋ ಬೇಡವೋ ಎಂಬುದು ಬರೆಯುವವರ ಮರ್ಜಿ. ಇಂಥ ಸಂದಿಗಳಲ್ಲಿಯೇ ನಕಲಿ ವಿಳಾಸಗಳು ನುಸುಳುತ್ತವೆ.

ಆದ್ದರಿಂದ ನನ್ನ ಅಭಿಪ್ರಾಯವಿದು: ಹೊರನಾಡಿನ ಕನ್ನಡ ಸಂಘಗಳು ತಮ್ಮ ತಾಣಗಳಿಗೆ ಕನ್ನಡ ಲಿಪಿಯ ಹೆಸರನ್ನೂ ಪಡೆಯಬೇಕು. ದೇವನಾಗರಿಯ '.ಭಾರತ' 2014ರಲ್ಲಿ ಬಳಕೆಗೆ ತೆರೆಯಿತು. ಬಳಿಕ ಕನ್ನಡ ಲಿಪಿಯ '.ಭಾರತ'ವೂ ಬಂದಿತು. ಚುಕ್ಕಿಯ ಎರಡೂ ಬದಿಯಲ್ಲಿ ಕನ್ನಡವೇ ಇರುವ ವಿಳಾಸ ಇಂದು ಸಾಧ್ಯ. ಒಳಗೆ ಯಂತ್ರವು ಅದನ್ನು 'ಎಕ್ಸ್ ಎನ್' ಎಂದು ಆರಂಭವಾಗುವ ರೋಮನ್ ಸಂಕೇತವಾಗಿ ಬದಲಿಸಿಕೊಳ್ಳುತ್ತದೆ. ಓದುಗರಿಗೆ ಅದರ ಗೊಡವೆಯಿಲ್ಲ.

ಆಕ್ಷೇಪಗಳಿಲ್ಲದಿಲ್ಲ. ಕನ್ನಡದ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ. ಕನ್ನಡ ಮತ್ತು ತೆಲುಗಿನ ಹಲವು ಅಕ್ಷರಗಳು ಅವಳಿಗಳಂತಿವೆ. ಮೋಸಕ್ಕೆ ಇಲ್ಲಿಯೂ ಎಡೆಯುಂಟು. ಕನ್ನಡ ಲಿಪಿಯ ಮಿಂಚಂಚೆ ವಿಳಾಸ ಕೊಟ್ಟರೆ 'ತಪ್ಪು ವಿಳಾಸ' ಎಂದು ತಿರಸ್ಕರಿಸುವ ಅರ್ಜಿ ನಮೂನೆಗಳೂ ಇವೆ. ಹಾಗಾಗಿ '.ಇನ್' ಅಥವಾ '.ಆರ್ಗ್' ಬಿಡಬೇಕಾಗಿಲ್ಲ, ಎರಡು ಹೆಸರುಗಳೂ ಒಂದೇ ತಾಣಕ್ಕೆ ಕರೆದೊಯ್ಯಲಿ. ಬ್ಯಾಂಕುಗಳು ನಾಳೆಯೇ ಕನ್ನಡಕ್ಕೆ ಬರಲಾರವು. ಆದರೆ ವಿಳಾಸವೆಂಬುದು ಬಿಡಿಸಿ ಓದಬೇಕಾದ ವಸ್ತು ಎಂಬ ಅಭ್ಯಾಸವನ್ನು ನಮ್ಮ ಹಿರಿಯರು ಮೊದಲು ತಮ್ಮ ಲಿಪಿಯಲ್ಲಿ ಕಲಿಯಬಹುದು. ಅರಿಯದ ಲಿಪಿಯ ಮುಂದೆ 'ಹೆಸರು ಐತಲ್ಲ' ಎಂದು ನಂಬಿಬಿಡುವುದೊಂದೇ ಅವರಿಗೆ ಉಳಿದಿರುವ ದಾರಿಯಾಗಬಾರದು.

ಮುಂದಿನ ರಾಜ್ಯೋತ್ಸವದ ಆಹ್ವಾನ ಪತ್ರಿಕೆ ಅಚ್ಚಾಗುವ ಮೊದಲು ಸಂಘಗಳ ಪದಾಧಿಕಾರಿಗಳು ಈ ಮಾತನ್ನು ಒಮ್ಮೆ ಸಭೆಯ ಮುಂದಿಡಲಿ. ಪತ್ರಿಕೆಯ ಕೆಳತುದಿಯಲ್ಲಿ ಅಚ್ಚಾಗುವ ಆ ಒಂದು ಸಾಲನ್ನು ನಮ್ಮ ನೆರೆಮನೆಯ ಹಿರಿಯರು ಯಾರನ್ನೂ ಕೇಳದೆ, ಕೊನೆಯಿಂದ ಮೊದಲವರೆಗೆ, ತಾವೇ ಓದಿಕೊಳ್ಳಲಿ.