ಹಂಗಾಮಿನ ಊರು, ಹಂಗಾಮಿನ ಮಕ್ಕಳು

ಒಂದು ಊರಿನ ಜನಸಂಖ್ಯೆ ಎಷ್ಟು ಎಂಬ ಪ್ರಶ್ನೆಗೆ ಯಾವಾಗಲೂ ಒಂದೇ ಉತ್ತರ ದೊರೆಯುವುದಿಲ್ಲ. ಯಾವ ತಿಂಗಳಲ್ಲಿ ಎಣಿಸಲಾಯಿತು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. 2011ರ ಜನಗಣತಿಯಂತೆ ಸಾಂಗಲಿ-ಮಿರಜ-ಕುಪವಾಡ ಮಹಾನಗರಪಾಲಿಕೆಯ ಜನಸಂಖ್ಯೆ ಐದು ಲಕ್ಷಕ್ಕಿಂತ ತುಸು ಹೆಚ್ಚು. ಅದೇ ಜಿಲ್ಲೆಯ ಪೂರ್ವ ಗಡಿಯ ಜತ್ತ ತಾಲೂಕಿನದು ಸುಮಾರು 3 ಲಕ್ಷ 28 ಸಾವಿರ. ಆದರೆ ದೀಪಾವಳಿ ಮುಗಿದು ಸಕ್ಕರೆ ಕಾರ್ಖಾನೆಗಳ ನುರಿಸುವ ಹಂಗಾಮು ಆರಂಭವಾದೊಡನೆ ಈ ಅಂಕಿಗಳು ನೆಲದ ಮೇಲೆ ಉಳಿಯುವುದಿಲ್ಲ. ಕೃಷ್ಣೆಯ ನೀರು ಕಂಡ ಮಿರಜ, ಪಲೂಸ, ವಾಳವಾ ತಾಲೂಕುಗಳ ಕಬ್ಬಿನ ಹೊಲಗಳ ಅಂಚಿನಲ್ಲಿ ರಾತ್ರೋರಾತ್ರಿ ಗುಡಿಸಲುಗಳು ಏಳುತ್ತವೆ. ಮಳೆ ಕಡಿಮೆಯಾದ ಜತ್ತದ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬೀಳುತ್ತದೆ. ಬೀಡ ಜಿಲ್ಲೆಯಿಂದ ಬಂದವರ ಜೊತೆಗೆ, ಜತ್ತದಿಂದಲೂ ವಿಜಯಪುರದ ಕಡೆಯಿಂದಲೂ ಬಂದ ಕನ್ನಡದ ಕುಟುಂಬಗಳೂ ಈ ಗುಡಿಸಲುಗಳಲ್ಲಿ ಇರುತ್ತವೆ.

ಈ ಉದ್ಯೋಗದ ಲೆಕ್ಕ ವ್ಯಕ್ತಿಗೆ ಅಲ್ಲ, ಜೋಡಿಗೆ. ಗಂಡ-ಹೆಂಡತಿ ಇಬ್ಬರೂ ಸೇರಿದರೆ ಒಂದು ‘ಕೊಯ್ತಾ’. ಮುಕಾದಮನು ಮಳೆಗಾಲದಲ್ಲಿಯೇ ಮುಂಗಡ ಹಣ ಕೊಟ್ಟಿರುತ್ತಾನೆ. ಅದಕ್ಕೆ ‘ಉಚಲ’ ಎನ್ನುತ್ತಾರೆ. ಬೆಳಗಾಗುವ ಮೊದಲೇ ಕಡಿತ ಆರಂಭ. ಗಂಡ ಕಡಿಯುತ್ತಾನೆ, ಹೆಂಡತಿ ಸೋಗೆ ಬಿಡಿಸಿ ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ವಾಹನ ತುಂಬುತ್ತಾಳೆ. ಟ್ರ್ಯಾಕ್ಟರ್ ನಡುರಾತ್ರಿಗೆ ಬಂದರೆ ನಡುರಾತ್ರಿಗೆ ಏಳಬೇಕು. ಕೂಲಿ ಟನ್ನಿನ ಲೆಕ್ಕದಲ್ಲಿ. ಅದು ಮೊದಲು ಉಚಲಕ್ಕೆ ವಜಾ ಆಗುತ್ತದೆ. ಕೆಲಸ ತಪ್ಪಿದ ದಿನಕ್ಕೆ ದಂಡವೂ ಉಂಟು. ಇಂತಹ ದಿನಚರಿಯಲ್ಲಿ ಕೈಗೂಸನ್ನು ನೋಡಿಕೊಳ್ಳುವವರು ಯಾರು? ಹತ್ತು ವರ್ಷದ ಅಕ್ಕ. ಶಾಲೆಯ ದ್ವಿತೀಯ ಸತ್ರ ಆರಂಭವಾಗುವ ಹೊತ್ತಿಗೆ ಅವಳು ಗುಡಿಸಲಿನ ಮುಂದೆ ತೊಟ್ಟಿಲು ತೂಗುತ್ತಿರುತ್ತಾಳೆ.

ಹಂಗಾಮಿನ ಮೇಲೆ ಬದುಕುವ ಊರುಗಳು ಜಗತ್ತಿನಲ್ಲಿ ಬೇರೆಡೆಯೂ ಇವೆ. ಆಲ್ಪ್ಸ್ ಪರ್ವತಗಳಲ್ಲಿ ಹಿಮದ ಮೇಲೆ ಜಾರುವ ಸ್ಕೀ ಆಟಕ್ಕೆ ಹೆಸರಾದ ಪುಟ್ಟ ಪಟ್ಟಣಗಳದು ಇದೇ ಸ್ಥಿತಿ. ಸ್ವಿಟ್ಜರ್‌ಲ್ಯಾಂಡಿನ ಜೆರ್ಮಾಟ್‌ನ ಕಾಯಂ ನಿವಾಸಿಗಳು ಸುಮಾರು ಆರು ಸಾವಿರ. ಚಳಿಗಾಲದಲ್ಲಿ ಪ್ರವಾಸಿಗಳೂ ಅವರ ಸೇವೆಗೆ ಬಂದ ಕೆಲಸಗಾರರೂ ಸೇರಿ ಊರು ಅನೇಕ ಪಟ್ಟು ಹಿಗ್ಗುತ್ತದೆ. ಅಡುಗೆ ಮಾಡುವವರು, ಕೋಣೆ ಗುಡಿಸುವವರು, ಕಟ್ಟಡ ಕಟ್ಟುವವರು ಬಹುಪಾಲು ಹೊರನಾಡಿನವರು. ಆ ದೇಶದಲ್ಲಿ 2002ರವರೆಗೆ ಹಂಗಾಮಿ ಕಾರ್ಮಿಕರಿಗೆ ಪ್ರತ್ಯೇಕ ಪರವಾನಿಗೆಯ ಕಾನೂನು ಇತ್ತು. ವರ್ಷಕ್ಕೆ ಒಂಬತ್ತು ತಿಂಗಳು ದುಡಿಯಬಹುದು. ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಇಟಲಿ, ಸ್ಪೇನ್, ಪೋರ್ಚುಗಲ್‌ಗಳಿಂದ ಬಂದ ಅನೇಕ ತಂದೆತಾಯಿಗಳು ಮಕ್ಕಳನ್ನು ಗುಪ್ತವಾಗಿ ತಂದು ಬಾಡಿಗೆ ಕೋಣೆಗಳಲ್ಲಿ ಬಚ್ಚಿಟ್ಟರು. ಅವರನ್ನು ‘ಕಪಾಟಿನ ಮಕ್ಕಳು’ ಎಂದೇ ಕರೆಯಲಾಯಿತು. ಹೊರಗೆ ಆಡಿದರೆ, ಗಟ್ಟಿಯಾಗಿ ಅತ್ತರೆ, ಶಾಲೆಗೆ ಹೋದರೆ ಸಿಕ್ಕಿಬೀಳುವ ಭಯ. ಶ್ರೀಮಂತ ದೇಶವೊಂದು ಕೈಗಳನ್ನು ಮಾತ್ರ ಕರೆದು ಕುಟುಂಬವನ್ನು ನಿರಾಕರಿಸಿದ್ದರ ಫಲ ಅದು.

ಭಾರತದ ಕಾನೂನು ಹಾಗೆ ನಿರಾಕರಿಸುವುದಿಲ್ಲ. ಸಂವಿಧಾನದ 21-ಎ ವಿಧಿ ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೆ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 9ನೆಯ ಕಲಮು, ವಲಸೆ ಕುಟುಂಬಗಳ ಮಕ್ಕಳ ಪ್ರವೇಶವನ್ನು ಖಚಿತಪಡಿಸುವ ಕರ್ತವ್ಯವನ್ನು ಸ್ಥಳೀಯ ಪ್ರಾಧಿಕಾರದ ಮೇಲೆ ಹೊರಿಸಿದೆ. 5ನೆಯ ಕಲಮಿನಂತೆ ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಪ್ರವೇಶ ತಡೆಯುವಂತಿಲ್ಲ; ಪತ್ರ ಕೊಡಲು ವಿಳಂಬ ಮಾಡಿದ ಮುಖ್ಯಾಧ್ಯಾಪಕರು ಶಿಸ್ತಿನ ಕ್ರಮಕ್ಕೆ ಗುರಿಯಾಗುತ್ತಾರೆ. ವಲಸೆ ಹೋಗುವ ಮಗು ಯಾವ ತರಗತಿಯಲ್ಲಿದೆ, ಎಷ್ಟು ಕಲಿತಿದೆ ಎಂಬುದನ್ನು ದಾಖಲಿಸುವ ‘ಶಿಕ್ಷಣ ಹಮೀ ಪತ್ರಕ’ವನ್ನೂ ಮಹಾರಾಷ್ಟ್ರ ಸರಕಾರ ರೂಪಿಸಿದೆ.

ಹಾಗಿದ್ದೂ ಕನ್ನಡ ಮಾಧ್ಯಮದ ಮಗುವಿನ ವಿಷಯದಲ್ಲಿ ಈ ವ್ಯವಸ್ಥೆ ಅರ್ಧದಾರಿಯಲ್ಲಿ ನಿಲ್ಲುತ್ತದೆ. ಕಬ್ಬಿನ ಹೊಲಕ್ಕೆ ಸಮೀಪದ ಶಾಲೆ ಬಹುತೇಕ ಮರಾಠಿ ಮಾಧ್ಯಮದ್ದು. ಜತ್ತದ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆ ಓದುತ್ತಿದ್ದ ಮಗು ನವೆಂಬರದಲ್ಲಿ ಮರಾಠಿ ತರಗತಿಯಲ್ಲಿ ಕುಳಿತು, ಏಪ್ರಿಲಿನಲ್ಲಿ ಕನ್ನಡ ಪರೀಕ್ಷೆಗೆ ಮರಳಬೇಕು. ಬೀಡದಿಂದ ಬಂದ ಮಗುವಿಗೆ ಊರು ಮಾತ್ರ ಬದಲು. ಜತ್ತದ ಮಗುವಿಗೆ ಭಾಷೆಯೂ ಬದಲು. ಇಂದು ಪಡಿತರ ಚೀಟಿಯ ಧಾನ್ಯವನ್ನು ದೇಶದ ಯಾವ ನ್ಯಾಯಬೆಲೆ ಅಂಗಡಿಯಲ್ಲಿಯೂ ಪಡೆಯಬಹುದು. ಧಾನ್ಯ ಕುಟುಂಬದ ಹಿಂದೆ ಬರುತ್ತದೆ. ಕನ್ನಡದ ಪಾಠ ಬರುವುದಿಲ್ಲ.

ನಷ್ಟ ಆ ಒಂದು ಮನೆಯದಷ್ಟೇ ಅಲ್ಲ. ಕಾಯ್ದೆಯ ಅನುಸೂಚಿಯಂತೆ ಪ್ರಾಥಮಿಕ ಶಾಲೆಯಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು, ಅರವತ್ತೊಂದರಿಂದ ಮೂವರು. ಹಂಗಾಮಿಗೆ ಹೋದ ಐದಾರು ಮಕ್ಕಳು ಮರಳಿ ಬಾರದೆ ಹೋದರೆ ಮರುವರ್ಷದ ಪಟಸಂಖ್ಯೆ ಕುಸಿಯುತ್ತದೆ, ಶಿಕ್ಷಕರ ಹುದ್ದೆ ಹೋಗುತ್ತದೆ, ಉಳಿದ ಮಕ್ಕಳ ಕಲಿಕೆಯೂ ಸೊರಗುತ್ತದೆ. ಆದ್ದರಿಂದ ವಲಸೆ ಹೋಗದ ಪಾಲಕರಿಗೂ ಇದು ತಮ್ಮದೇ ಪ್ರಶ್ನೆ.

ಪರಿಹಾರ ಮಗುವನ್ನು ಊರಿನಲ್ಲಿಯೇ ಉಳಿಸುವುದರಲ್ಲಿದೆ. ಶಾಲಾ ವ್ಯವಸ್ಥಾಪನ ಸಮಿತಿಯ ಮೂಲಕ ನಡೆಯುವ ಹಂಗಾಮಿ ವಸತಿಗೃಹದ ಪದ್ಧತಿ ಮಹಾರಾಷ್ಟ್ರಕ್ಕೆ ಹೊಸದಲ್ಲ. ಹಂಗಾಮು ಮುಗಿಯುವವರೆಗೆ ಮಗುವಿಗೆ ಊರಿನಲ್ಲಿಯೇ ಊಟ, ಆಶ್ರಯ ದೊರೆಯುತ್ತದೆ. ಅಜ್ಜ-ಅಜ್ಜಿಯರ ಕಣ್ಣಳತೆಯಲ್ಲಿಯೇ ಇರುತ್ತದೆ. ಕನ್ನಡ ಶಾಲೆಗಳ ಸಮಿತಿಗಳು ದಸರೆಗೆ ಮುಂಚೆಯೇ ಹೊರಡಲಿರುವ ಕುಟುಂಬಗಳ ಯಾದಿ ಮಾಡಿ, ಠರಾವು ಬರೆದು, ಗಟ ಶಿಕ್ಷಣಾಧಿಕಾರಿಗೆ ಲಿಖಿತ ಬೇಡಿಕೆ ಸಲ್ಲಿಸಿ ಪೋಚು ಪಡೆಯಬೇಕು. ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕೆಂದು ಕಾಯ್ದೆ ಹೇಳುತ್ತದೆ. ಆ ಅಧಿಕಾರ ಸಹಿಗಷ್ಟೇ ಸೀಮಿತವಾಗಬಾರದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕೆಂಬ ಸಂವಿಧಾನದ 350-ಎ ವಿಧಿಯನ್ನು ಆ ಬೇಡಿಕೆಯಲ್ಲಿ ಉಲ್ಲೇಖಿಸುವುದು ಯುಕ್ತ. ಮಗುವನ್ನು ಕರೆದೊಯ್ಯುವುದು ಅನಿವಾರ್ಯವಾದರೆ ಹಮೀ ಪತ್ರಕವನ್ನೂ ಕನ್ನಡ ಪಠ್ಯಪುಸ್ತಕಗಳನ್ನೂ ಕೈಗೆ ಕೊಟ್ಟೇ ಕಳಿಸಬೇಕು.

ಎಣಿಕೆಯ ಮಾತು ಇನ್ನೊಂದಿದೆ. ಮುಂದಿನ ಜನಗಣತಿಯ ಉಲ್ಲೇಖ ದಿನವನ್ನು 2027ರ ಮಾರ್ಚ್ 1 ಎಂದು ಕೇಂದ್ರ ಸರಕಾರ 2025ರ ಜೂನ್‌ನಲ್ಲಿ ಪ್ರಕಟಿಸಿತು. ಹಿಮ ಬೀಳುವ ಲಡಾಖ, ಜಮ್ಮು-ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಪ್ರದೇಶಗಳಿಗೆ ಮಾತ್ರ ಅದು 2026ರ ಅಕ್ಟೋಬರ್ 1. ಹಿಮದ ಹಂಗಾಮನ್ನು ಸರಕಾರ ಗಮನಿಸಿದೆ. ಕಬ್ಬಿನ ಹಂಗಾಮಿಗೆ ಅಂತಹ ರಿಯಾಯಿತಿ ಇಲ್ಲ. ಎಣಿಕೆಯ ಅವಧಿಯುದ್ದಕ್ಕೂ ಮನೆಯಿಂದ ದೂರವಿದ್ದವರನ್ನು ಅವರು ಇದ್ದ ಸ್ಥಳದಲ್ಲಿಯೇ ಎಣಿಸುವುದು 2011ರಲ್ಲಿ ಪಾಲಿಸಿದ ನಿಯಮ. ಕಬ್ಬಿನ ಹೊಲದ ಗುಡಿಸಲಿಗೆ ಗಣತಿದಾರರು ಬಂದಾಗ ಕುಟುಂಬದ ಎಲ್ಲರ ಹೆಸರನ್ನೂ ಹೇಳಿ, ಮಾತೃಭಾಷೆ ಕನ್ನಡ ಎಂದು ಸ್ಪಷ್ಟವಾಗಿ ಬರೆಸಬೇಕೆಂಬುದನ್ನು ಹೊರಡುವ ಮೊದಲೇ ಪ್ರತಿ ಮನೆಗೂ ತಿಳಿಸುವುದು ಒಳ್ಳೆಯದು. ದಾಖಲೆಯಲ್ಲಿ ಇಲ್ಲದ ಮಗುವಿಗಾಗಿ ಯಾವ ಕಚೇರಿಯೂ ಶಿಕ್ಷಕರನ್ನು ನೇಮಿಸುವುದಿಲ್ಲ.