ಎಕ್ಸ್‌ಪ್ರೆಸ್‌ವೇ ಹತ್ತಲು ನಮಗೆಲ್ಲಿ ದಾರಿ?

ಪಡುಗಡಲ ಕಡೆಯ ಸೂರತ್‌ನಿಂದ ಮೂಡಗಡಲ ಚೆನ್ನೈಗೆ, ಆರು ರಾಜ್ಯ ದಾಟಿ ಹೋಗುವ ಎಕ್ಸ್‌ಪ್ರೆಸ್‌ವೇ ಯೋಜನೆಯಿಂದ 1,600 ಕಿ.ಮೀ. ದಾರಿ 1,270ಕ್ಕೆ ಇಳಿಯುತ್ತದೆ ಎಂಬುದು ಸರ್ಕಾರದ ಲೆಕ್ಕ. ಅದರ 65.5 ಕಿ.ಮೀ. ಭಾಗಕ್ಕೆ 2023ರ ಜನವರಿ 19ರಂದು ಪ್ರಧಾನಿ ಅಡಿಗಲ್ಲು ಹಾಕಿದ್ದು ನಮ್ಮ ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ. ಆ ಭಾಗದ ಎರಡು ತುದಿಗಳಾದ ಬಡದಾಳ, ಮಾರಡಗಿ ಎಸ್. ಆಂದೋಲಾ ಇರುವುದು ಮಾತ್ರ ಕಲಬುರಗಿ ಜಿಲ್ಲೆಯಲ್ಲಿ. ಅಲ್ಲಿಂದ ಮುಂದಿನ ಹಾದಿ ಶಹಾಪುರ, ಯಾದಗಿರಿ ಸೀಮೆಯ ಎರೆ ಹೊಲಗಳನ್ನು ಸೀಳಿಕೊಂಡು ರಾಯಚೂರಿನತ್ತ ಹೋಗುತ್ತದೆ.

ಎರಡು ಕಡಲು ಕೂಡಿಸುವ ಕೆಲಸವನ್ನು ಈ ನೆಲ ಮೊದಲೇ ಕಂಡಿದೆ. 1871ರಲ್ಲಿ ಮುಂಬಯಿ ಕಡೆಯ ರೈಲು ಮಾರ್ಗ ಮದ್ರಾಸ್ ಕಡೆಯದನ್ನು ರಾಯಚೂರಿನಲ್ಲಿ ಬಂದು ಕೂಡಿತು. ಆ ಹಳಿಯ ಮೇಲೆ ಯಾದಗಿರಿಗೆ ಸ್ಟೇಷನ್ ಸಿಕ್ಕಿತು, ಊರು ಬೆಳೆಯಿತು. ಹತ್ತಿ ಬೆಳೆಯುವ ಶಹಾಪುರಕ್ಕೆ, ಸಂಸ್ಥಾನದ ರಾಜಧಾನಿಯಾಗಿದ್ದ ಸುರಪುರಕ್ಕೆ ಆ ರೈಲು ಬರಲಿಲ್ಲ. ನೂರೈವತ್ತು ವರ್ಷ ಕಳೆದರೂ ನಮ್ಮವರು ಗಂಟುಮೂಟೆ ಕಟ್ಟಿ ಅದೇ ಹಳಿಯ ಮೇಲೆ ಪುಣೆ, ಮುಂಬಯಿಗೆ ಗುಳೆ ಹೋಗುತ್ತಿದ್ದಾರೆ.

ರೈಲಾದರೂ ಊರಲ್ಲಿ ನಿಲ್ಲುತ್ತದೆ. ಈ ರಸ್ತೆಯನ್ನು ಇಂಟರ್‌ಚೇಂಜ್ ಇರುವಲ್ಲಿ ಮಾತ್ರ ಹತ್ತಬೇಕು. ಟ್ರ್ಯಾಕ್ಟರ್, ಎತ್ತಿನ ಗಾಡಿಗಳಿಗಂತೂ ಇಂಥ ರಸ್ತೆ ಅಲ್ಲವೇ ಅಲ್ಲ. ಹೊಲ ಎರಡು ಹೋಳಾದ ರೈತ ಆಚೆ ದಾಟಬೇಕಾದರೆ ಅಂಡರ್‌ಪಾಸ್ ಒಂದೇ ಗತಿ. ಹತ್ತಿ ಹೇರಿದ ಟ್ರಾಲಿ ಅದರಡಿ ತೂರುವಷ್ಟು ಎತ್ತರ ಇರಬೇಕು. ಎರೆ ನೆಲದಲ್ಲಿ ಮಳೆನೀರು ಸುಲಭವಾಗಿ ಇಂಗುವುದಿಲ್ಲ, ಅದು ಹರಿದುಹೋಗಲು ದಾರಿಯೂ ಬೇಕು. ರಸ್ತೆಗೆ ಅಡಿಗಲ್ಲು ಹಾಕಿದ ದಿನ ಕೊಡೇಕಲ್‌ನಲ್ಲೇ ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣವನ್ನೂ ಪ್ರಧಾನಿ ಉದ್ಘಾಟಿಸಿದರು. ಕಾಲುವೆಯ ಕೊನೆಯ ಹೊಲಕ್ಕೂ ನೀರು ಮುಟ್ಟಿಸುತ್ತೇವೆಂದು ಹೇಳುವ ಸರ್ಕಾರ, ಹೊಸ ರಸ್ತೆಯ ಏರಿ ಎಲ್ಲಿಯೂ ಹೊಲಗಾಲುವೆಗೆ ಅಡ್ಡ ಬಾರದಂತೆ ನೋಡಿಕೊಳ್ಳಲೇಬೇಕು.

ರಸ್ತೆಗೆ ಭೂಮಿ ಕೊಟ್ಟವರಿಗೆ ಪರಿಹಾರದ ಹಣ ಒಂದು ಸಲ ಬರುತ್ತದೆ, ಒಂದು ಮದುವೆಗೋ ಒಂದು ಸಾಲಕ್ಕೋ ಮುಗಿಯುತ್ತದೆ. ಹೋದ ಹೊಲ ಮತ್ತೆ ಬಾರದು. ಆದ್ದರಿಂದ ನಮ್ಮ ಶಾಸಕರು, ಸಂಸದರು ಪರಿಹಾರದ ದರದ ಬಗ್ಗೆ ಮಾತಾಡಿದಷ್ಟೇ ಜೋರಾಗಿ ಇಂಟರ್‌ಚೇಂಜ್ ಬಗ್ಗೆಯೂ ಮಾತಾಡಲಿ. ಶಹಾಪುರ, ಸುರಪುರಗಳನ್ನು ಹಾದುಹೋಗುವ 150ಎ ಹೆದ್ದಾರಿಯಿಂದ ಹೊಸ ರಸ್ತೆಗೆ ನೇರ ದಾರಿ ಬೇಕು. ಆ ದಾರಿಯ ಬದಿಯಲ್ಲಿ ಹತ್ತಿ, ತೊಗರಿ, ಭತ್ತಕ್ಕೆ ಗೋದಾಮು ಬೇಕು. ಯಾವ ಅಂಡರ್‌ಪಾಸ್ ಎಲ್ಲಿ, ಎಷ್ಟು ಎತ್ತರ ಎಂಬ ನಕ್ಷೆಯನ್ನು ಪ್ರತಿ ಊರಿನ ಗ್ರಾಮಸಭೆಯಲ್ಲಿ ಕನ್ನಡದಲ್ಲೇ ಇಟ್ಟು, ಹೊಲದವರ ಮಾತು ಕೇಳಿಯೇ ಜಿಲ್ಲಾಡಳಿತ ಮುಂದುವರಿಯಬೇಕು.