ಕೆಂಪು ಕುರ್ಚಿ



ಕ್ಯಾನ್ಸಸ್ ಸಿಟಿಯ ನಮ್ಮ ಕನ್ನಡ ಸಂಘದ ಈ ಸಲದ ಸ್ಮರಣ ಸಂಚಿಕೆಯನ್ನು ನಮ್ಮ ಮಕ್ಕಳಿಗೆ ಕಲಿಸುವವರಿಗೆ ಮೀಸಲಿಡೋಣ ಎಂದು ಸಂಪಾದಕ ಸಮಿತಿ ತೀರ್ಮಾನಿಸಿತು. ಮೊದಲ ಪುಟದಲ್ಲಿ ಯಾರನ್ನು ನೆನೆಯಬೇಕು ಎಂಬ ಮಾತು ಬಂದಾಗ ನಾನು ಬಕ್ ಓನೀಲ್ ಹೆಸರು ಹೇಳಿದೆ. “ಅವರು ಬೇಸ್‌ಬಾಲ್ ಆಡಿದವರಲ್ವೇನ್ರೀ? ನಮ್ಮ ಸಂಚಿಕೆಗೂ ಅವರಿಗೂ ಏನು ಸಂಬಂಧ?” ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಅಂದು ಸರಿಯಾಗಿ ಉತ್ತರಿಸಲು ನನ್ನಿಂದಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ಕ್ಯಾನ್ಸಸ್ ಸಿಟಿಗೆ ಬಂದು ಹತ್ತಿಪ್ಪತ್ತು ವರ್ಷವಾದರೂ ನಮ್ಮಲ್ಲಿ ಬಹಳ ಮಂದಿ ಹದಿನೆಂಟನೇ ಬೀದಿ ಮತ್ತು ವೈನ್ ಬೀದಿ ಕೂಡುವ ಜಾಗಕ್ಕೆ ಕಾಲಿಟ್ಟಿಲ್ಲ. ನಾನೂ ಇಟ್ಟಿರಲಿಲ್ಲ. ಮಗನ ಶಾಲೆಯ ಕೆಲಸದ ನೆಪದಲ್ಲಿ ಒಂದು ಶನಿವಾರ ಅಲ್ಲಿನ ನೀಗ್ರೋ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂಗೆ ಹೋದೆವು. ಒಳಗೆ ಕಾಲಿಡುತ್ತಲೇ ಒಂದು ಪುಟ್ಟ ಮೈದಾನ, ಅದರಲ್ಲಿ ಆಳೆತ್ತರದ ಕಂಚಿನ ಆಟಗಾರರು ಕಾಣುತ್ತಾರೆ. ಆದರೆ ನೇರವಾಗಿ ಹತ್ತಿರ ಹೋಗುವಂತಿಲ್ಲ, ನಡುವೆ ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯಿದೆ. ಇಡೀ ಚರಿತ್ರೆಯನ್ನು ಗೋಡೆಗಳ ಮೇಲೆ ಓದಿಕೊಂಡು, ಸುತ್ತಿ ಬಂದ ಮೇಲೆಯೇ ಮೈದಾನಕ್ಕೆ ಇಳಿಯಲು ಆಗುವುದು. ಪ್ರತ್ಯೇಕಿಸಿಟ್ಟರೆ ಹೇಗಿರುತ್ತದೆ ಎಂದು ಆ ಜಾಲರಿ ಹೇಳುವಷ್ಟು ಚೆನ್ನಾಗಿ ಯಾವ ಫಲಕವೂ ಹೇಳದು. ಆಟಗಾರರ ಜೊತೆಗೆ ಅಲ್ಲಿ ಬಕ್ ಓನೀಲ್ ಅವರ ಮೂರ್ತಿಯೂ ಇದೆ. ಬ್ಯಾಟು ಹಿಡಿದ ಭಂಗಿಯಲ್ಲಲ್ಲ; ತಂಡದ ಮ್ಯಾನೇಜರ್ ಆಗಿ, ಆಟವನ್ನು ನೋಡುತ್ತ.

ಕಪ್ಪು ಆಟಗಾರರನ್ನು ದೊಡ್ಡ ಲೀಗುಗಳು ಸೇರಿಸಿಕೊಳ್ಳದಿದ್ದ ಕಾಲವೊಂದಿತ್ತು. ಹಾಗಾಗಿ 1920ರ ಫೆಬ್ರವರಿಯಲ್ಲಿ ರೂಬ್ ಫಾಸ್ಟರ್ ಮತ್ತು ಇನ್ನೂ ಕೆಲವು ತಂಡಗಳ ಮಾಲೀಕರು ನಮ್ಮದೇ ಊರಿನ ಪಸಿಯೋ ವೈಎಂಸಿಎ ಕಟ್ಟಡದಲ್ಲಿ ಸೇರಿ ತಮ್ಮದೇ ಲೀಗ್ ಕಟ್ಟಿಕೊಂಡರು. ಆಗ ಓನೀಲ್ ಫ್ಲಾರಿಡಾದಲ್ಲಿ ಎಂಟು ವರ್ಷದ ಹುಡುಗ. ಹುಟ್ಟಿದ್ದು 1911ರ ನವೆಂಬರ್ 13ರಂದು, ಕ್ಯಾರಬೆಲ್ ಎಂಬ ಸಣ್ಣ ಊರಿನಲ್ಲಿ, ಬೆಳೆದದ್ದು ಸರಸೋಟದಲ್ಲಿ. ಹುಡುಗನಾಗಿದ್ದಾಗಲೇ ಸೆಲರಿ ಸೊಪ್ಪಿನ ಹೊಲಗಳಲ್ಲಿ ಪೆಟ್ಟಿಗೆ ಹೊತ್ತವರು. ಇದನ್ನು ಬಿಟ್ಟು ಬೇರೇನಾದರೂ ಬದುಕು ಇದ್ದೇ ಇರಬೇಕು ಎಂದು ಆ ಬಿಸಿಲಲ್ಲಿ, ಆ ಕೆಸರಲ್ಲಿ ಅನಿಸಿದ್ದನ್ನು ಅವರು ಮುದುಕರಾದ ಮೇಲೂ ಹೇಳಿಕೊಳ್ಳುತ್ತಿದ್ದರು. ಊರಿನ ಹೈಸ್ಕೂಲು ಬಿಳಿಯ ಮಕ್ಕಳಿಗೆ ಮಾತ್ರ. ಅದಕ್ಕೇ ಜಾಕ್ಸನ್‌ವಿಲ್‌ನ ಎಡ್ವರ್ಡ್ ವಾಟರ್ಸ್ ಕಾಲೇಜಿಗೆ ಹೋಗಿ, ಅಲ್ಲೇ ಹೈಸ್ಕೂಲು ಮುಗಿಸಿ, ಎರಡು ವರ್ಷ ಕಾಲೇಜೂ ಓದಿದರು. ಆಟವನ್ನು ಕ್ರಮವಾಗಿ ಕಲಿತದ್ದು ಆ ಕಾಲೇಜಿನ ಮೈದಾನದಲ್ಲಿ. ಸರಸೋಟ ಹೈಸ್ಕೂಲು ಅವರಿಗೆ ಡಿಪ್ಲೊಮಾ ಕೊಟ್ಟದ್ದು 1995ರಲ್ಲಿ, ಅವರಿಗೆ ವಯಸ್ಸು ಎಂಬತ್ತು ದಾಟಿದ ಮೇಲೆ.

1938ರಲ್ಲಿ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡಕ್ಕೆ ಬಂದು ಫಸ್ಟ್ ಬೇಸ್‌ನಲ್ಲಿ ನಿಂತರು. 1942ರಲ್ಲಿ ತಂಡ ನೀಗ್ರೋ ವರ್ಲ್ಡ್ ಸೀರೀಸ್ ಗೆದ್ದಿತು. ಆಮೇಲೆ ನೌಕಾಪಡೆಯ ಸೇವೆ. ಜಾಕಿ ರಾಬಿನ್ಸನ್ ಎಂಬ ಕಪ್ಪು ಆಟಗಾರನೊಡನೆ ದೊಡ್ಡ ಲೀಗಿನ ಬ್ರೂಕ್ಲಿನ್ ಡಾಡ್ಜರ್ಸ್ ಸಂಸ್ಥೆ ಒಪ್ಪಂದ ಮಾಡಿಕೊಂಡ ಸುದ್ದಿ 1945ರಲ್ಲಿ ಅವರ ಕಿವಿಗೆ ಬಿದ್ದಾಗ ಅವರು ಫಿಲಿಪ್ಪೀನ್ಸ್‌ನಲ್ಲಿದ್ದರು. ಬಾಗಿಲು ತೆರೆದಾಗ ಓನೀಲ್‌ಗೆ ಮೂವತ್ತನಾಲ್ಕರ ಹತ್ತಿರ. ಆಟಗಾರನಾಗಿ ಆ ಹೊಸ್ತಿಲು ದಾಟುವ ವಯಸ್ಸು ಹೆಚ್ಚುಕಡಿಮೆ ಕಳೆದಿತ್ತು.

ನನ್ನನ್ನು ಹಿಡಿದಿಟ್ಟದ್ದು ಇಲ್ಲಿಂದ ಮುಂದಿನ ಬದುಕು. ತನಗೆ ಸಿಗದ್ದನ್ನು ನೆನೆದು ಕೊರಗುತ್ತ ಕೂರುವುದಕ್ಕೆ ಯಾರಿಗಾದರೂ ಸಾಕಾಗುವಷ್ಟು ಕಾರಣ ಅವರಿಗಿತ್ತು. ಅವರು ಕಿರಿಯರ ಬೆನ್ನ ಹಿಂದೆ ನಿಂತರು. 1948ರಿಂದ 1955ರವರೆಗೆ ಮೊನಾರ್ಕ್ಸ್ ತಂಡದ ಮ್ಯಾನೇಜರ್ ಆಗಿ ಎರ್ನಿ ಬ್ಯಾಂಕ್ಸ್, ಎಲ್‌ಸ್ಟನ್ ಹೋವರ್ಡ್‌ರಂಥವರನ್ನು ತಿದ್ದಿ ಮೇಲಿನ ಲೀಗುಗಳಿಗೆ ಕಳಿಸಿದರು. ಒಬ್ಬೊಬ್ಬ ಒಳ್ಳೆಯ ಆಟಗಾರ ಹೊರಟಾಗಲೂ ಅವರ ಸ್ವಂತ ತಂಡ ಬಡವಾಗುತ್ತಿತ್ತು, ಲೀಗೇ ಕರಗುತ್ತಿತ್ತು. ಗೊತ್ತಿದ್ದೇ ಕಳಿಸಿದರು.

1956ರಲ್ಲಿ ದೊಡ್ಡ ಲೀಗಿನ ಶಿಕಾಗೊ ಕಬ್ಸ್ ತಂಡ ಅವರನ್ನು ಸ್ಕೌಟ್ ಆಗಿ, ಅಂದರೆ ಪ್ರತಿಭೆ ಹುಡುಕುವವರಾಗಿ, ತೆಗೆದುಕೊಂಡಿತು. ಕಪ್ಪು ಜನರಿಗೆ ಕೋಣೆ ಕೊಡದ ಹೋಟೆಲುಗಳಿದ್ದ ದಕ್ಷಿಣದ ಊರುಗಳಲ್ಲಿ ಕಾರು ಓಡಿಸಿಕೊಂಡು ಕಪ್ಪು ಕಾಲೇಜುಗಳ ಮೈದಾನಗಳಿಗೆ ಹೋದರು. ಲೂಸಿಯಾನದ ಸದರ್ನ್ ಯೂನಿವರ್ಸಿಟಿಯಲ್ಲಿ ಲೂ ಬ್ರಾಕ್ ಎಂಬ ವಿದ್ಯಾರ್ಥಿಯ ಓಟ ಅವರ ಕಣ್ಣಿಗೆ ಬಿತ್ತು. ಬಡ ಗೇಣಿ ಕುಟುಂಬದ ಆ ಹುಡುಗ ಮುಂದೆ ಸೇಂಟ್ ಲೂಯಿಸ್ ತಂಡದಲ್ಲಿ ಹೆಸರು ಮಾಡಿ, ಒಟ್ಟು 938 ಬೇಸ್ ಕದ್ದು (ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ), ಆ ಕಾಲದ ದಾಖಲೆ ನಿರ್ಮಿಸಿದ. ನಮ್ಮ ಕ್ಯಾನ್ಸಸ್ ರಾಜ್ಯದ ವಿಚಿಟಾ ಸ್ಟೇಟ್‌ನಲ್ಲಿ ಆಡುತ್ತಿದ್ದ ಜೋ ಕಾರ್ಟರ್ ಕಬ್ಸ್‌ಗೆ ಬಂದದ್ದೂ ಓನೀಲ್ ಗುರುತಿಸಿದ್ದರಿಂದಲೇ. ಇನ್ನೂ ಬೆಳೆಯದ ಹುಡುಗನಲ್ಲಿ ಬೆಳೆದ ಆಟಗಾರನನ್ನು ಕಾಣುವ ಕಣ್ಣು ಬೇಕು ಈ ಕೆಲಸಕ್ಕೆ. ಅಂಥ ಕಣ್ಣು ನಮ್ಮ ಹಳ್ಳಿ ಶಾಲೆಗಳ ಕೆಲವು ಮೇಷ್ಟ್ರುಗಳಿಗಿತ್ತು. ನಮ್ಮಲ್ಲಿ ಅನೇಕರು ಈ ದೇಶ ಮುಟ್ಟಿದ್ದು ಅವರ ದೆಸೆಯಿಂದ.

1962ರಲ್ಲಿ ಕಬ್ಸ್ ಅವರನ್ನು ಕೋಚ್ ಮಾಡಿತು. ದೊಡ್ಡ ಲೀಗಿನಲ್ಲಿ ಆ ಹುದ್ದೆಗೇರಿದ ಮೊದಲ ಕಪ್ಪು ವ್ಯಕ್ತಿ ಅವರು. ಆ ತಂಡದಲ್ಲಿ ಆಗ ಕೋಚ್‌ಗಳೇ ಸರದಿಯಂತೆ ಮುಖ್ಯಸ್ಥರಾಗುವ ಪದ್ಧತಿಯಿತ್ತು. ಓನೀಲ್ ಅವರ ಸರದಿ ಬರಲೇ ಇಲ್ಲ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಅವರು ಮತ್ತೆ ಕಾರು ಹತ್ತಿ ಹುಡುಗರನ್ನು ಹುಡುಕಲು ಹೊರಟರು.

ಇನ್ನೊಂದು ಪ್ರಸಂಗವನ್ನೂ ಹೇಳಲೇಬೇಕು. 1990ರಲ್ಲಿ ಸ್ಥಾಪನೆಯಾದ ಈ ಮ್ಯೂಸಿಯಂಗಾಗಿ ಅವರು ದೇಶವೆಲ್ಲ ತಿರುಗಿದರು, ಹಳೆಯ ಆಟಗಾರರ ಕತೆಗಳನ್ನು ಜನರ ಮುಂದಿಟ್ಟರು. 2006ರಲ್ಲಿ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್ ಗೌರವಕ್ಕೆ ಕಪ್ಪು ಬೇಸ್‌ಬಾಲ್‌ನ 17 ಮಂದಿಯನ್ನು ಒಟ್ಟಿಗೆ ಆರಿಸಿದಾಗ ಓನೀಲ್‌ಗೆ ಬೇಕಾದಷ್ಟು ಮತ ಬೀಳಲಿಲ್ಲ. ಆ 17 ಮಂದಿಯಲ್ಲಿ ಒಬ್ಬರೂ ಬದುಕಿರಲಿಲ್ಲ. ಅವರ ಪರವಾಗಿ ಮಾತನಾಡುವವರು ಬೇಕಿತ್ತು. ತೊಂಬತ್ತನಾಲ್ಕರ ಓನೀಲ್ ಆ ಸಮಾರಂಭ ನಡೆಯುವ ಕೂಪರ್ಸ್‌ಟೌನ್‌ಗೆ ಹೋಗಿ, ಅವರೆಲ್ಲರ ಪರವಾಗಿ ಸಂತೋಷದಿಂದ ಮಾತನಾಡಿ, ಸಭೆಯಲ್ಲಿದ್ದವರೆಲ್ಲ ಕೈ ಕೈ ಹಿಡಿದು ಹಾಡುವಂತೆ ಮಾಡಿದರು. ಅದೇ ವರ್ಷದ ಅಕ್ಟೋಬರ್ 6ರಂದು ತೀರಿಕೊಂಡರು. ಆ ಗೌರವ ಅವರಿಗೆ ಸಂದದ್ದು 2022ರಲ್ಲಿ.

ಇನ್ನು ಹಿರಿಯರ ಪ್ರಶ್ನೆಗೆ ಬರುತ್ತೇನೆ. 1946ರ ಕಾನೂನಿನಂತೆ ಇಡೀ ಭಾರತದಿಂದ ವರ್ಷಕ್ಕೆ 100 ಮಂದಿ ಮಾತ್ರ ಅಮೆರಿಕಕ್ಕೆ ವಲಸೆ ಬರಬಹುದಿತ್ತು. ಆ ಗೋಡೆ ಬಿದ್ದದ್ದು 1965ರ ವಲಸೆ ಕಾನೂನಿನಿಂದ. ಅದರ ಹಿಂದಿನ ವರ್ಷವಷ್ಟೇ ನಾಗರಿಕ ಹಕ್ಕುಗಳ ಕಾಯಿದೆ ಬಂದಿತ್ತು. ಕಪ್ಪು ಜನ ಬೀದಿಯಲ್ಲಿ ನಿಂತು ಏಟು ತಿಂದು ಈ ದೇಶದ ಮನಸ್ಸನ್ನು ಅಲುಗಿಸದಿದ್ದರೆ ಆ ವಲಸೆ ಕಾನೂನು ಆ ರೂಪದಲ್ಲಿ ಬರುತ್ತಿತ್ತೆಂದು ನಾನು ನಂಬುವುದಿಲ್ಲ. ನಮ್ಮ ಸಂಘ, ನಮ್ಮ ರಾಜ್ಯೋತ್ಸವ, ನಿಮ್ಮ ಕೈಯಲ್ಲಿರುವ ಈ ಸಂಚಿಕೆ, ಎಲ್ಲಕ್ಕೂ ಆ ಋಣವಿದೆ. ಹಾಗಿದ್ದೂ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಆ ಮ್ಯೂಸಿಯಂಗೆ ನಮ್ಮಲ್ಲಿ ಹೆಚ್ಚಿನವರು ಮಕ್ಕಳನ್ನು ಕರೆದೊಯ್ದಿಲ್ಲ. ಮುಂದಿನ ವಸಂತದಲ್ಲಿ ಕನ್ನಡ ತರಗತಿಯ ಮಕ್ಕಳೆಲ್ಲ ಸೇರಿ ಅಲ್ಲಿಗೆ ಹೋಗಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೇಳಿಕೊಂಡಿದ್ದೇನೆ. ಊರಿಂದ ಬಂದ ಅಜ್ಜ ಅಜ್ಜಿಯರೂ ಬನ್ನಿ. ಕ್ರಿಕೆಟ್ ಬಲ್ಲವರಿಗೆ ಆಟ ಅರ್ಥವಾಗಲು ಹತ್ತು ನಿಮಿಷ ಸಾಕು.

ಈ ಸಂಚಿಕೆಯಲ್ಲಿ ನೀವು ಓದಲಿರುವುದು ನಮ್ಮ ನಡುವಿನ ಕಲಿಸುವವರ ಮಾತುಗಳನ್ನು. ಶನಿವಾರ ಬೆಳಿಗ್ಗೆ ನಿದ್ದೆ ಬಿಟ್ಟು ಬಂದು ಒತ್ತಕ್ಷರ ತಿದ್ದಿಸುವವರು, ಕಚೇರಿ ಮುಗಿಸಿ ಲಿಟಲ್ ಲೀಗ್ ತಂಡದ ಹುಡುಗ ಹುಡುಗಿಯರಿಗೆ ಚೆಂಡು ಎಸೆಯುವವರು, ನಾಟಕದ ಮಾತು ಬಾಯಿಪಾಠ ಮಾಡಿಸುವವರು. ಅವರಲ್ಲಿ ಕೆಲವರ ಸ್ವಂತ ಮಕ್ಕಳು ಬೆಳೆದು ಬೇರೆ ಊರು ಸೇರಿ ಎಷ್ಟೋ ವರ್ಷವಾಗಿದೆ. 

ನಮ್ಮೂರಿನ ಕಾಫ್‌ಮನ್ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ ನೀಲಿ ಕುರ್ಚಿಗಳ ನಡುವೆ, ಹೋಮ್ ಪ್ಲೇಟ್‌ನ ಹಿಂದೆ, ಒಂದೇ ಒಂದು ಕೆಂಪು ಕುರ್ಚಿಯಿದೆ. ಓನೀಲ್ ಕೂತು ಆಟ ನೋಡುತ್ತಿದ್ದ ಜಾಗ ಅದು. 2007ರಿಂದ ತವರಿನ ಪ್ರತಿ ಪಂದ್ಯಕ್ಕೂ, ಊರಿಗೆ ಒಳ್ಳೆಯದು ಮಾಡಿದ ಒಬ್ಬ ಸಾಮಾನ್ಯ ವ್ಯಕ್ತಿಯನ್ನು ಆರಿಸಿ ಅಲ್ಲಿ ಕೂರಿಸುತ್ತಾರೆ. ಯಾರು ಬೇಕಾದರೂ ಹೆಸರು ಸೂಚಿಸಬಹುದು. ನಮ್ಮ ಕನ್ನಡ ತರಗತಿಯನ್ನು ಮೊದಲಿನಿಂದ ನಡೆಸಿಕೊಂಡು ಬಂದ ಅಮ್ಮನವರ ಹೆಸರನ್ನು ಕಳಿಸಿದ್ದೇವೆ. ಅವರಿಗೆ ಇನ್ನೂ ಹೇಳಿಲ್ಲ. ಉತ್ತರಕ್ಕಾಗಿ ಕಾಯುತ್ತಿದ್ದೇವೆ.